ಸೂಜಿ ಹಿಡಿದು ಕಲಿಯೋಣ



ವಿಷಯಕ್ಕೆ ಬರುವ ಮುನ್ನ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ನಾನು ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳ ಮಾತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಿಯೊಬ್ಬ ಮನೆ ಬಾಗಿಲಿಗೆ ಬಂದಿದ್ದ. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ನಾನು ಒಳಗಿನಿಂದ ಎರಡು ಸೀರೆ, ಒಂದು ಪ್ಯಾಂಟು, ಅವುಗಳ ಜೊತೆಗೆ ಅಜ್ಜಿ ಕೈಯಲ್ಲಿ ಹೊಲಿದ ಒಂದು ಕೌದಿಯನ್ನೂ ತಂದುಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಸಂಜೆ ಅಜ್ಜಿ ಬಂದು ಕೇಳಿದಾಗ ಡಬ್ಬಿಯನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಬೈಯಲಿಲ್ಲ. "ಅದ್ರಲ್ಲಿ ನಿನ್ನ ಅಜ್ಜನ ಅಂಗಿ ಇತ್ತು ಮಗಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಡಬ್ಬಿ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ಕೌದಿ ಹೋಯಿತು. ಅದನ್ನು ಹೊಲಿಯುವ ಬಗೆಯನ್ನು ಅಜ್ಜಿಯಿಂದ ಕಲಿಯುವ ಅವಕಾಶವೂ ಮುಂದೆ ಎರಡು ವರ್ಷಗಳಲ್ಲಿ ಹೋಯಿತು. ಬೆಲೆ ಗೊತ್ತಿಲ್ಲದ ವಸ್ತುವನ್ನು ನಾವು ಸುಲಭವಾಗಿ ಕೊಟ್ಟುಬಿಡುತ್ತೇವೆ. ಇಂದಿನ ಮಾತಿನ ಉದ್ದೇಶ, ಸೂಜಿ ಮತ್ತು ದಾರದ ಕೆಲಸದ ಬೆಲೆಯನ್ನು ತಿಳಿಯುವುದು, ಹಾಗೂ ವಿದ್ಯಾರ್ಥಿಗಳಾದ ನೀವು ಅದನ್ನು ಎಲ್ಲಿ, ಹೇಗೆ, ಯಾರಿಂದ ಕಲಿಯಬಹುದು ಎಂಬುದನ್ನು ಯೋಚಿಸುವುದು.

ಸೂಜಿ ಕೆಲಸವೆಂದ ಕೂಡಲೇ ಅನೇಕರಿಗೆ ಬರುವ ಭಾವನೆ ಎರಡು. ಒಂದು, ಇದು ಹೆಣ್ಣುಮಕ್ಕಳ ಕೆಲಸ. ಇನ್ನೊಂದು, ಎಸ್ಸೆಸ್ಸೆಲ್ಸಿ ನಪಾಸಾದವರು ಹಿಡಿಯುವ ದಾರಿ. ಈ ಎರಡೂ ಸರಿಯಲ್ಲ ಎನ್ನುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಕಾರವಾರದ ಬೈತಖೋಲ ಬಂದರಿಗೋ, ಅಂಕೋಲಾ ತಾಲೂಕಿನ ಬೇಲೆಕೇರಿಗೋ ಬಿಡುವಿನ ವೇಳೆಯಲ್ಲಿ ಹೋಗಿ ನೋಡಿ. ಹರಿದ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ದಾರ ಸುತ್ತಿದ ಚಪ್ಪಟೆ ಸೂಜಿಯಿಂದ ಕಣ್ಣು ಕಣ್ಣಾಗಿ ಕೂಡಿಸುವವರು ಹೆಚ್ಚಾಗಿ ಗಂಡಸರು. ಕಣ್ಣಿನ ಅಳತೆ ತಪ್ಪಿದರೆ ಮೀನು ಜಾರುತ್ತದೆ. ಗಂಟು ಸಡಿಲವಾದರೆ ಬಲೆಯೇ ಬಿಚ್ಚುತ್ತದೆ. ಲೆಕ್ಕ, ಅಳತೆ, ತಾಳ್ಮೆ ಮೂರೂ ಬೇಕಾದ ಈ ವಿದ್ಯೆಯನ್ನು ಅವರು ಕಲಿತದ್ದು ಹಿರಿಯರ ಪಕ್ಕದಲ್ಲಿ ಕುಳಿತು. ಇಂದು ನಾವು ಇಂಟರ್ನ್‌ಶಿಪ್ ಎಂದು ಕರೆಯುವುದರ ತಿರುಳೂ ಇದೇ: ಕೆಲಸ ನಡೆಯುವ ಜಾಗದಲ್ಲಿ, ಕೆಲಸ ಬಲ್ಲವರ ಪಕ್ಕದಲ್ಲಿ ಕುಳಿತು, ಕೆಲಸ ಮಾಡುತ್ತಲೇ ಕಲಿಯುವುದು.

ಈಗ ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆಯಲ್ಲಿ ಅರಬೈಲು ಘಟ್ಟವನ್ನು ಹತ್ತೋಣ. ಅಂಕೋಲಾ ತಾಲೂಕಿನ ಮೇಲ್ಭಾಗದ ಕಾಡಂಚಿನ ಊರುಗಳಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಜನಾಂಗದವರು ವಾಸಿಸುತ್ತಾರೆ. ಇವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಇವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ಮನೆಗಳ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎಂಬ ಹೆಸರೂ ಇದೆ.

ಕವಂದಿ ಹೊಲಿಯುವ ರೀತಿ ಗಮನಿಸತಕ್ಕದ್ದು. ಮೊದಲು ಒಂದು ಹಳೆಯ ಸೀರೆಯನ್ನು ಅಡಿಬಟ್ಟೆಯಾಗಿ ಹಾಸುತ್ತಾರೆ. ಉಟ್ಟು ಹಳತಾದ ಬಟ್ಟೆಗಳಿಂದ ಹರಿದ ಚೂರುಗಳನ್ನು ಅದರ ಒಂದು ಮೂಲೆಯಿಂದ ಇಟ್ಟು, ಅಂಚು ಮಡಚಿ, ಸರಳವಾದ ಓಡುಹೊಲಿಗೆಯಿಂದ ಕೂಡಿಸುತ್ತಾ ಅಂಚಿನ ಗುಂಟ ಸಾಗುತ್ತಾರೆ. ಸುತ್ತು ಮುಗಿದಂತೆ ಹೊಲಿಗೆ ಒಳಕ್ಕೆ ಸರಿಯುತ್ತದೆ. ಹೀಗೆ ಹೊರಗಿನಿಂದ ಒಳಗೆ ಬಂದು ಕೊನೆಗೆ ನಡುವಿನಲ್ಲಿ ಮುಗಿಯುತ್ತದೆ. ಕಾಗದದ ಮೇಲೆ ಗೀಟು ಹಾಕಿದ ನಕ್ಷೆ ಇಲ್ಲ. ಮುಂದಿನ ಚೂರು ಯಾವ ಬಣ್ಣದ್ದಾಗಬೇಕು, ಎಷ್ಟು ದೊಡ್ಡದಾಗಬೇಕು ಎಂಬ ತೀರ್ಮಾನವೆಲ್ಲ ಕೈ ನಡೆಯುತ್ತಿರುವಾಗಲೇ ಆಗುತ್ತದೆ. ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಪುಟ್ಟ ಬಟ್ಟೆಗಳನ್ನು ಪದರವಾಗಿ ಸೇರಿಸಿ ಹೂವು ಮಾಡುತ್ತಾರೆ. ಈ ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು. ನಡುವಿನ ಕೊನೆಯ ಚೂರನ್ನು ಮುಚ್ಚುವ ಮೊದಲು ಕೆಲವರು ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಮನೆಯವರ ಹೊಟ್ಟೆಯೂ ತುಂಬಿರುತ್ತದೆ ಎಂಬ ಹಾರೈಕೆ ಅದರಲ್ಲಿದೆ.

ಚಳಿಗೆ ಹೊದೆಯಲು, ಮಗುವಿಗೆ ಹಾಸಲು ಹೊಲಿದ ಈ ಕೌದಿಗಳನ್ನು ಹೊರಗಿನ ಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಪ್ರಮುಖರು. 2000ರ ನಂತರದ ದಶಕದಲ್ಲಿ ಅವರು ಇಲ್ಲಿಗೆ ಬಂದು ಸಿದ್ದಿ ಮಹಿಳೆಯರ ಜೊತೆ ಕುಳಿತು ಅಧ್ಯಯನ ಮಾಡಿದರು. ಹೊಲಿಯುವವರ ಸಹಕಾರಿ ಗುಂಪೊಂದು ರೂಪುಗೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ನನ್ನ ಅಜ್ಜಿಯ ಕೌದಿ ಡಬ್ಬಿಯಾದದ್ದನ್ನೂ, ಇದೇ ಜಿಲ್ಲೆಯ ಕೌದಿಗಳು ನ್ಯೂಯಾರ್ಕಿನ ಗೋಡೆಯ ಮೇಲೆ ತೂಗಿದ್ದನ್ನೂ ಒಟ್ಟಿಗೆ ನೆನೆದಾಗ ನನಗೆ ನಾಚಿಕೆಯೂ ಸಂತೋಷವೂ ಆಗುತ್ತದೆ.

ಕರ್ನಾಟಕದಲ್ಲಿ ಇಂಥ ಇನ್ನೂ ಹಲವು ಸೂಜಿ ಕಲೆಗಳಿವೆ. ಧಾರವಾಡ ಸೀಮೆಯ ಕಸೂತಿ ನಿಮಗೆ ಗೊತ್ತೇ ಇದೆ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕುವ ಈ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂಥಿ ಎಂದು ನಾಲ್ಕು ಬಗೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಮುಂತಾದ ಚಿತ್ರಗಳು ಇಳಕಲ್ ಸೀರೆಯ ಮೇಲೆ ಅರಳುತ್ತವೆ. ಎಳೆಯ ಎಣಿಕೆ ಒಂದು ತಪ್ಪಿದರೆ ಹಿಂದಿರುಗುವ ದಾರಿಯೇ ತಪ್ಪುತ್ತದೆ. ಆದ್ದರಿಂದ ಕಸೂತಿಯೆಂದರೆ ಗಣಿತದ ಒಂದು ಪಾಠವೆಂದೇ ಹೇಳಬೇಕು. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕನ್ನಡಿ, ಕವಡೆಗಳನ್ನು ಸೇರಿಸಿ ಹೊಲಿಯುವ ಲಂಬಾಣಿ ಕಸೂತಿ ಇದೆ. ಅಲ್ಲಿಯ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಮಹಿಳೆಯರ ಈ ಕೆಲಸಕ್ಕೆ ಮಾರುಕಟ್ಟೆ ಒದಗಿಸುತ್ತಾ ಬಂದಿದೆ. ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿ ನೋಂದಣಿ ದೊರೆತಿದೆ.

ಹಾಗಾದರೆ ಕಾರವಾರ, ಅಂಕೋಲೆಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ದಾರಿಗಳು ಯಾವುವು? ಮನೆಯಿಂದ ಆರಂಭಿಸಿ ಒಂದೊಂದಾಗಿ ನೋಡೋಣ.

ಮೊದಲನೆಯದು ಮನೆ ಮತ್ತು ಕೇರಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿದ ನಂತರ ಕೈಯಲ್ಲಿ ಬೇಸಿಗೆ ರಜೆ ಇರುತ್ತದೆ. ಗೋದಡಿ ಹೊಲಿಯುವ ಅಜ್ಜಿ, ಸೀರೆಗೆ ಕುಚ್ಚು ಕಟ್ಟುವ ಅಕ್ಕ, ರವಿಕೆಗೆ ಆರಿ ಕೆಲಸ ಮಾಡುವ ಚಿಕ್ಕಮ್ಮ, ಬಲೆ ಹೆಣೆಯುವ ಮಾಮ, ಇವರಲ್ಲಿ ಒಬ್ಬರಾದರೂ ನಿಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಅವರಿಂದ ಕಲಿಯಲು ಅರ್ಜಿಯೂ ಬೇಡ, ಶುಲ್ಕವೂ ಬೇಡ.

ಎರಡನೆಯದು ಐಟಿಐ. ಹೊಲಿಗೆ ತಂತ್ರಜ್ಞಾನ, ಉಡುಪು ತಯಾರಿಕೆ, ಕಸೂತಿ ಅಲಂಕಾರ ಇವು ಐಟಿಐಗಳಿಗೆ ಮಾನ್ಯವಾದ ಒಂದು ವರ್ಷದ ಟ್ರೇಡ್‌ಗಳು. ಎಲ್ಲ ಐಟಿಐಗಳಲ್ಲೂ ಎಲ್ಲ ಟ್ರೇಡ್ ಇರುವುದಿಲ್ಲ. ಆದ್ದರಿಂದ ಪ್ರವೇಶ ಆರಂಭವಾಗುವ ಮುನ್ನವೇ ನಿಮ್ಮ ಸಮೀಪದ ಸಂಸ್ಥೆಗೆ ಹೋಗಿ ಯಾವ ಟ್ರೇಡ್ ಇದೆ, ಎಷ್ಟನೇ ತರಗತಿ ಪಾಸಾಗಿರಬೇಕು ಎಂಬುದನ್ನು ವಿಚಾರಿಸಿಕೊಳ್ಳಿ. ಟ್ರೇಡ್ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ತರಬೇತಿಗೆ ಸೇರಬಹುದು. ಈ ಕಾಯ್ದೆಯಡಿ ತರಬೇತಿ ಪಡೆಯುವವರಿಗೆ ಲಿಖಿತ ಕರಾರು ಇರಬೇಕು, ಮಾಸಿಕ ಭತ್ಯೆ ಸಿಗಬೇಕು. ಕನಿಷ್ಠ ವಯಸ್ಸು 14. ಭತ್ಯೆಯ ಒಂದು ಪಾಲನ್ನು ಭರಿಸುವ ಕೇಂದ್ರ ಸರಕಾರದ ಯೋಜನೆ 2016ರಲ್ಲಿ ಆರಂಭವಾಯಿತು.

ಮೂರನೆಯದು ಅಲ್ಪಾವಧಿ ತರಬೇತಿ. ಧರ್ಮಸ್ಥಳದ ಬಳಿಯ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯಲ್ಲಿ ಮುಂದೆ ದೇಶದಾದ್ಯಂತ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಸ್ಥಾಪನೆಯಾದವು. ನಮ್ಮ ಜಿಲ್ಲೆಯ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಇಂಥ ಸಂಸ್ಥೆಗಳಲ್ಲಿ 18 ವರ್ಷ ತುಂಬಿದ ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ನೀಡುತ್ತಾರೆ. ಹೊಲಿಗೆಯ ಜೊತೆಗೆ ಲೆಕ್ಕ ಬರೆಯುವುದು, ಬ್ಯಾಂಕಿನ ವ್ಯವಹಾರ, ಗಿರಾಕಿಯೊಡನೆ ಮಾತನಾಡುವ ಬಗೆಯನ್ನೂ ಕಲಿಸುವುದು ಇದರ ವಿಶೇಷ.

ನಾಲ್ಕನೆಯದು ಉನ್ನತ ವ್ಯಾಸಂಗ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ, ಹಿಂದೆ ಗ್ರಾಮೀಣ ಗೃಹವಿಜ್ಞಾನ ಎಂದು ಕರೆಯುತ್ತಿದ್ದ ಪದವಿಯಲ್ಲಿ, ಬಟ್ಟೆ ಮತ್ತು ಉಡುಪು ವಿನ್ಯಾಸವೂ ಒಂದು ವಿಷಯ. ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತದೆ. ಅಲ್ಲಿಯ ವಿದ್ಯಾರ್ಥಿಗಳು ಕಾರ್ಖಾನೆಗಳಲ್ಲಿ ಇಂಟರ್ನ್‌ಶಿಪ್ ಮಾಡುವುದರ ಜೊತೆಗೆ ಕುಶಲಕರ್ಮಿಗಳ ಊರುಗಳಿಗೂ ಹೋಗಿ ಕಲಿಯುತ್ತಾರೆ. ಬೆಂಗಳೂರಿನ ವಿದ್ಯಾರ್ಥಿ ಬಸ್ಸು ಹತ್ತಿ ಹುಡುಕಿಕೊಂಡು ಹೋಗುವ ಕುಶಲಕರ್ಮಿ ನಿಮ್ಮ ಊರಿನಿಂದ ಎರಡು ಮೂರು ತಾಸಿನ ದಾರಿಯಲ್ಲಿದ್ದಾರೆ ಎಂಬುದನ್ನು ನೆನಪಿಡಿ.

ಇನ್ನು ಮನೆಯ ಹಿರಿಯರಿಗೆ ಹೇಳಬೇಕಾದ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಮೀನು ಬಲೆ ತಯಾರಿಕೆಯೂ ಸೇರಿವೆ. ಇದು ಕಲಿಯಹೊರಟ ವಿದ್ಯಾರ್ಥಿಗಳಿಗೆ ಅಲ್ಲ, ಈಗಾಗಲೇ ಆ ಕಸುಬು ಮಾಡುತ್ತಿರುವ, 18 ವರ್ಷ ದಾಟಿದವರಿಗೆ. ನಿಮ್ಮ ತಂದೆಯವರೋ ತಾಯಿಯವರೋ ಈ ಕೆಲಸದಲ್ಲಿದ್ದರೆ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ ಅವರಿಗೆ ತಿಳಿಸುವುದು ಓದು ಬಲ್ಲ ಮಕ್ಕಳಾದ ನಿಮ್ಮ ಕರ್ತವ್ಯ.

ಅವಕಾಶಗಳನ್ನು ಹೇಳಿದೆ. ಎಚ್ಚರಿಕೆಯನ್ನೂ ಹೇಳಬೇಕು. ನಾನು ಪದವಿಯ ಮೊದಲ ವರ್ಷ ಮುಗಿಸಿದ ಬೇಸಿಗೆಯಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕಲಿಯಲು ಸೇರಿದೆ. ಎರಡು ತಿಂಗಳು ನಾನು ಮಾಡಿದ್ದು ಮೂರೇ ಕೆಲಸ: ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು, ಸೀರೆಗೆ ಫಾಲ್ ಕೂಡಿಸುವುದು. ಸಂಬಳವಿಲ್ಲ, ಕತ್ತರಿ ಮುಟ್ಟಲು ಅನುಮತಿಯಿಲ್ಲ. ಮದುವೆಯ ಹಂಗಾಮಿನಲ್ಲಿ ಅಂಗಡಿಗೆ ಪುಕ್ಕಟೆ ಕೈ ಬೇಕಾಗಿತ್ತು, ಅದು ನನ್ನ ಕೈಯಾಗಿತ್ತು. ಒಂದು ದಿನ ಧೈರ್ಯ ಮಾಡಿ "ಮಾಸ್ತರರೇ, ರವಿಕೆ ಕತ್ತರಿಸುವುದು ಯಾವಾಗ ಕಲಿಸುತ್ತೀರಿ?" ಎಂದು ಕೇಳಿದೆ. "ನೋಡ್ತಾ ಇರು ತಂಗಿ, ತನ್ನಷ್ಟಕ್ಕೇ ಬರ್ತದೆ" ಎಂದರು. ನಾನು ಮರುದಿನದಿಂದ ಹೋಗಲಿಲ್ಲ.

ಹಲವು ವರ್ಷಗಳ ಮೇಲೆ ಯೋಚಿಸಿದಾಗ ತಪ್ಪು ಅವರೊಬ್ಬರದೇ ಅಲ್ಲವೆಂದು ನನಗೆ ತೋರಿತು. ಏನು ಕಲಿಸುತ್ತೀರಿ, ಎಷ್ಟು ದಿನಗಳಲ್ಲಿ ಎಂದು ಸೇರುವ ದಿನ ನಾನು ಕೇಳಿರಲಿಲ್ಲ. ಕೈ ನೆಟ್ಟಗಾಗಲು ಗುಂಡಿ, ಕಾಜಾಗಳ ಅಭ್ಯಾಸ ಬೇಕು, ಅದು ನಿಜ. ಆದರೆ ಎರಡು ವಾರದ ಅಭ್ಯಾಸ ಬೇರೆ, ಎರಡು ತಿಂಗಳ ಬಿಟ್ಟಿ ದುಡಿಮೆ ಬೇರೆ. ಈ ಎರಡರ ನಡುವಿನ ಗೆರೆಯನ್ನು ಮೊದಲ ದಿನವೇ ಎಳೆದುಕೊಳ್ಳಬೇಕು.

ಆದ್ದರಿಂದ ಎಲ್ಲಿಗೇ ಕಲಿಯಲು ಹೋಗುವಿರಾದರೂ ಮೊದಲು ನಿಮ್ಮ ಪ್ರಾಚಾರ್ಯರಿಂದ ಅಥವಾ ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ಸೇರುವಾಗ ವಿನಯದಿಂದ ಐದು ಪ್ರಶ್ನೆ ಕೇಳಿ. ಎಷ್ಟು ದಿನ, ದಿನಕ್ಕೆ ಎಷ್ಟು ತಾಸು? ಯಾವ ಯಾವ ಕೆಲಸ ಕಲಿಸುತ್ತೀರಿ? ನನ್ನ ಜೊತೆ ಯಾರು ಕುಳಿತು ತಿದ್ದುತ್ತಾರೆ? ನಾನು ಮಾಡಿದ ಕೆಲಸ ಮಾರಾಟವಾದರೆ ಭತ್ಯೆ ಇದೆಯೇ? ಮುಗಿದ ಮೇಲೆ ಪ್ರಮಾಣಪತ್ರ ಕೊಡುತ್ತೀರಾ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ದೂರದ ಊರಾದರೆ ವಸತಿ ಎಲ್ಲಿ, ಮರಳಿ ಬರುವ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮನೆಯವರಿಗೆ ತಿಳಿಸಿಯೇ ಹೊರಡಿ.

ಕಲಿಯುವಾಗ ಒಂದು ಪುಸ್ತಕ ಇಟ್ಟುಕೊಳ್ಳಿ. ಪ್ರತಿ ದಿನ ಕಲಿತ ಹೊಲಿಗೆಯನ್ನು ಅಂಗೈಯಗಲದ ಬಟ್ಟೆಯ ಮೇಲೆ ಹಾಕಿ ಹಾಳೆಗೆ ಅಂಟಿಸಿ. ಬದಿಯಲ್ಲಿ ದಿನಾಂಕ, ಹೊಲಿಗೆಯ ಹೆಸರು, ಕಲಿಸಿದವರ ಹೆಸರು, ಹಿಡಿದ ಸಮಯ ಬರೆಯಿರಿ. ತಪ್ಪಿದ ಹೊಲಿಗೆಯನ್ನೂ ಅಂಟಿಸಿ, ಏಕೆ ತಪ್ಪಿತು ಎಂದು ಬರೆಯಿರಿ. ಮುಂದೆ ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿ ಹೇಳದ ಮಾತನ್ನು ಈ ಪುಸ್ತಕ ಹೇಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಕಲಿಯುವವರ ಹಕ್ಕಿನಂತೆ ಕಲಿಸುವವರ ಹಕ್ಕೂ ಇದೆ. ಸಿದ್ದಿ ಮಹಿಳೆಯೊಬ್ಬರು ನಿಮಗೆ ಕವಂದಿ ಹೊಲಿಯುವುದನ್ನು ತೋರಿಸಿದರೆ ಅವರ ಒಂದು ದಿನದ ದುಡಿಮೆ ನಿಮಗಾಗಿ ಹೋಯಿತು. ಅದಕ್ಕೆ ಪ್ರತಿಯಾಗಿ ನೀವೇನು ಕೊಡುತ್ತೀರಿ? ಮೊಬೈಲಿನಲ್ಲಿ ಚಿತ್ರ ತೆಗೆಯುವ ಮುನ್ನ ಕೇಳಿ. ಅವರ ವಿನ್ಯಾಸವನ್ನು ನಿಮ್ಮದೆಂದು ತೋರಿಸಬೇಡಿ. ಅವರಿಗೆ ಬೇಕಾದ ಒಂದು ಕೆಲಸವನ್ನು ನೀವು ಮಾಡಿಕೊಡಬಲ್ಲಿರಿ, ಅದು ಲೆಕ್ಕ.

ಉದಾಹರಣೆಗೆ, ಒಂದು ಕೌದಿಗೆ 60 ತಾಸು ಹಿಡಿಯಿತು, 3,000 ರೂಪಾಯಿಗೆ ಮಾರಾಟವಾಯಿತು ಎಂದುಕೊಳ್ಳೋಣ. ದಾರ ಮತ್ತು ಅಡಿಬಟ್ಟೆಗೆ 300, ಬಸ್ಸು ಮತ್ತು ಸಾಗಾಣಿಕೆಗೆ 300 ಕಳೆದರೆ ಉಳಿಯುವುದು 2,400. ತಾಸಿಗೆ 40 ರೂಪಾಯಿ. ದಿನಕ್ಕೆ ಎಂಟು ತಾಸು ಕುಳಿತರೆ 320 ರೂಪಾಯಿ. ಕೈಗೆ ಒಟ್ಟಿಗೆ ಬಂದ 3,000 ದೊಡ್ಡ ಮೊತ್ತವಾಗಿ ಕಾಣುತ್ತದೆ. ತಾಸಿನ ಲೆಕ್ಕ ತೆಗೆದಾಗ ನಿಜ ತಿಳಿಯುತ್ತದೆ. ಗಿರಾಕಿ "ಹಳೆಯ ಬಟ್ಟೆಗೆ ಇಷ್ಟೊಂದು ಬೆಲೆಯೇ?" ಎಂದಾಗ ಉತ್ತರ ಕೊಡಲು ಈ ಲೆಕ್ಕ ಬೇಕು. ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಇಂಟರ್ನ್‌ಶಿಪ್ ಯಾವುದಿದೆ? ಸೂಜಿ ಹಿಡಿಯಲು ಬಾರದವರೂ ಈ ಉದ್ಯಮದಲ್ಲಿ ಕಲಿಯಬಹುದು ಎಂಬುದು ಇದರಿಂದ ಸ್ಪಷ್ಟ. ವಿಜ್ಞಾನದ ವಿದ್ಯಾರ್ಥಿ ಬಣ್ಣ ಬಿಡದ ದಾರವನ್ನು ಪರೀಕ್ಷಿಸಬಹುದು. ಕನ್ನಡ ವಿಭಾಗದವರು ಹೊಲಿಗೆಗಳ, ಉಪಕರಣಗಳ ಹೆಸರುಗಳನ್ನು ಸಂಗ್ರಹಿಸಬಹುದು. ಕಂಪ್ಯೂಟರ್ ಬಲ್ಲವರು ಯಂತ್ರ ಕಸೂತಿಗೆ ಬೇಕಾದ ವಿನ್ಯಾಸ ರಚನೆಯನ್ನು ಕಲಿಯಬಹುದು.

ಶಾಲೆಗೆ ಹೋಗದಿದ್ದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತಾಯಿಯ ಜೊತೆ ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿ ಮಾಡುತ್ತಲೇ ಗಿಡಗಳ ವಿದ್ಯೆ ಕಲಿತರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ, ಬರೆದಿಡದ ಎಷ್ಟೋ ತಿಳಿವಳಿಕೆ ಅವರೊಡನೆಯೇ ಹೋಯಿತು. ಪಕ್ಕದಲ್ಲಿ ಕುಳಿತು ಕಲಿತವರು ಇದ್ದಷ್ಟು ಮಾತ್ರ ಇಂಥ ವಿದ್ಯೆ ಉಳಿಯುತ್ತದೆ.

ಮಿತ್ರರೇ, ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಕಪಾಟಿನಲ್ಲಿ, ಅಟ್ಟದ ಮೇಲೆ ಕೈಯಿಂದ ಹೊಲಿದ ಕೌದಿಯೋ, ಗೋದಡಿಯೋ, ಕಸೂತಿಯ ಕುಪ್ಪಸವೋ ಇದೆಯೇ ನೋಡಿ. ಇದ್ದರೆ ಬಿಸಿಲಿಗೆ ಹಾಕಿ, ಹೊಲಿದವರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳಿ: ಯಾವ ಚೂರು ಯಾರ ಬಟ್ಟೆಯದು, ಯಾವ ಮೂಲೆಯಿಂದ ಆರಂಭಿಸಿದಿರಿ, ಎಷ್ಟು ದಿನ ಹಿಡಿಯಿತು? ನಂತರ ಒಂದು ಸೂಜಿ, ಒಂದು ಎಳೆ ದಾರ, ಎರಡು ಬಟ್ಟೆಯ ಚೂರು ಅವರ ಕೈಗೆ ಕೊಟ್ಟು "ನನಗೂ ತೋರಿಸಿ" ಎನ್ನಿ.

ನಾನು ಆ ಮಾತನ್ನು ಹೇಳಲು ತಡ ಮಾಡಿದೆ. ನೀವು ತಡ ಮಾಡಬೇಡಿ.